ಒಂದೇ ಪಂದ್ಯದ ತೀರ್ಪು
ಕಾಶಿಯ ವಿಶ್ವನಾಥ ಗಲ್ಲಿಯಲ್ಲಿ ಆ ಹೆಸರು ಕಿವಿಗೆ ಬಿದ್ದರೆ ಕ್ರಿಕೆಟ್ ಬಲ್ಲ ಕನ್ನಡಿಗನಿಗೆ ಭದ್ರಾವತಿಯ ವಿಶ್ವನಾಥರೂ ನೆನಪಾಗುತ್ತಾರೆ. ೧೯೭೪ರ ಮಾರ್ಚಿನಲ್ಲಿ ಬೆಂಗಳೂರಿನ ರಣಜಿ ಸೆಮಿಫೈನಲ್‌ನಲ್ಲಿ ಅವರು ಹೊಡೆದದ್ದು ೧೬೨. ಬ್ರಿಜೇಶ್ ಪಟೇಲ್ ೧೦೬. ಕರ್ನಾಟಕ ೩೮೫, ಸತತ ೧೫ ವರ್ಷ ಟ್ರೋಫಿ ಗೆದ್ದಿದ್ದ ಮುಂಬಯಿ ೩೦೭. ವಾಡೇಕರ್ ಕಾಲು ಜಾರಿ ರನೌಟಾದರು. ಮೊದಲ ಇನಿಂಗ್ಸಿನ ಮುನ್ನಡೆಯೇ ತೀರ್ಪಾಯಿತು.

ಪಂದ್ಯ ಒಂದೇ ಆದಾಗ ಒಮ್ಮೆ ಜಾರಿದ್ದಕ್ಕೂ ಇಷ್ಟು ಬೆಲೆ. ನೂರಕ್ಕೆ ೬೦ ಸಲ ಗೆಲ್ಲಬಲ್ಲ ತಂಡದೆದುರು ದುರ್ಬಲರಿಗೆ ಒಂದು ಪಂದ್ಯದಲ್ಲಿ ನೂರಕ್ಕೆ ೪೦ ಅವಕಾಶವಿದ್ದರೆ, ಮೂರರ ಸರಣಿಯಲ್ಲಿ ೩೫, ಏಳರದರಲ್ಲಿ ೨೯. ಹೀಗಿದ್ದೂ ಮುಂಬಯಿ ಅಷ್ಟು ವರ್ಷ ಉಳಿದದ್ದೇ ಸೋಜಿಗ. ನಮ್ಮವರದು ಬರೀ ಅದೃಷ್ಟವೆಂದರೆ ಮಾತ್ರ ನಾನೊಪ್ಪೆ: ಪ್ರಸನ್ನ, ಚಂದ್ರಶೇಖರ್ ಇದ್ದ ತಂಡವದು! ಜಯಪುರದ ಫೈನಲ್‌ನಲ್ಲಿ ರಾಜಸ್ಥಾನವನ್ನೂ ಸೋಲಿಸಿ ಮೊದಲ ಸಲ ಟ್ರೋಫಿ ತಂದರು.