ರಿಯಾಜ್ ಭಟ್ಕಳ: ಇನ್ನೂ ಕೈಗೆ ಸಿಗದ ಆರೋಪಿ

ನಿಷೇಧಿತ ಇಂಡಿಯನ್ ಮುಜಾಹಿದೀನ್ ಸಂಘಟನೆಯ ಸ್ಥಾಪಕರಲ್ಲಿ ಒಬ್ಬನೆಂದು ತನಿಖಾ ಸಂಸ್ಥೆಗಳು ಹೆಸರಿಸಿರುವ ರಿಯಾಜ್ ಭಟ್ಕಳನ ನಿಜನಾಮ ರಿಯಾಜ್ ಇಸ್ಮಾಯಿಲ್ ಶಾಬಂದ್ರಿ. ಈತನ ಕುಟುಂಬದ ಮೂಲ ಉತ್ತರ ಕನ್ನಡ ಜಿಲ್ಲೆಯ ಭಟ್ಕಳ. ಬೆಳೆದದ್ದು ಮುಂಬೈನ ಕುರ್ಲಾದಲ್ಲಿ. 2001ರಲ್ಲಿ ನಿಷೇಧಕ್ಕೊಳಗಾದ ಸಿಮಿ ಸಂಘಟನೆಯ ಸಂಪರ್ಕದಿಂದ ಈತ ಉಗ್ರವಾದದತ್ತ ಹೊರಳಿದನೆಂಬುದು ತನಿಖಾಧಿಕಾರಿಗಳ ಹೇಳಿಕೆ. ಸೋದರ ಇಕ್ಬಾಲ್ ಕೂಡ ತಲೆಮರೆಸಿಕೊಂಡಿರುವ ಆರೋಪಿ.

ಆರೋಪಗಳು

2007ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ನ್ಯಾಯಾಲಯಗಳ ಆವರಣದಲ್ಲಿ ಬಾಂಬ್ ಸ್ಫೋಟಿಸಿದಾಗ ಬಂದ ಇ-ಮೇಲ್‌ನಿಂದ ಇಂಡಿಯನ್ ಮುಜಾಹಿದೀನ್ ಹೆಸರು ಬೆಳಕಿಗೆ ಬಂದಿತು. 2008ರಲ್ಲಿ ಜೈಪುರ, ಅಹಮದಾಬಾದ್ ಹಾಗೂ ದೆಹಲಿಯಲ್ಲಿ ಸರಣಿ ಸ್ಫೋಟಗಳು ನಡೆದವು. 2010ರ ಫೆಬ್ರುವರಿ 13ರಂದು ಪುಣೆಯ ಜರ್ಮನ್ ಬೇಕರಿಯಲ್ಲಿ 17 ಮಂದಿ ಬಲಿಯಾದರು. ಅದೇ ವರ್ಷ ಏಪ್ರಿಲ್ 17ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಬಾಂಬ್ ಸಿಡಿದು ಹಲವರು ಗಾಯಗೊಂಡರು. ಈ ಕೃತ್ಯಗಳ ಹಿಂದೆ ಇದೇ ಜಾಲವಿದೆ ಎಂಬುದು ಪೊಲೀಸರ ಆರೋಪ. 2010ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಸಂಘಟನೆಯನ್ನು ನಿಷೇಧಿಸಿತು.

2013ರ ಫೆಬ್ರುವರಿ 21ರಂದು ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ ಸಂಭವಿಸಿದ ಜೋಡಿ ಸ್ಫೋಟದಲ್ಲಿ 18 ಮಂದಿ ಮೃತಪಟ್ಟರು. ಇದರಲ್ಲಿ ರಿಯಾಜ್ ಪ್ರಮುಖ ಆರೋಪಿ. ಅದೇ ವರ್ಷದ ಆಗಸ್ಟ್‌ನಲ್ಲಿ ನೇಪಾಳದ ಗಡಿಯಲ್ಲಿ ಸಿಕ್ಕಿಬಿದ್ದ ಯಾಸಿನ್ ಭಟ್ಕಳ ಸೇರಿದಂತೆ ಐವರಿಗೆ 2016ರಲ್ಲಿ ಎನ್‌ಐಎ ವಿಶೇಷ ನ್ಯಾಯಾಲಯ ಗಲ್ಲು ಶಿಕ್ಷೆ ವಿಧಿಸಿತು; 2025ರ ಏಪ್ರಿಲ್‌ನಲ್ಲಿ ತೆಲಂಗಾಣ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ರಿಯಾಜ್ ಮಾತ್ರ ಕಟಕಟೆಗೆ ಬರಲೇ ಇಲ್ಲ. ಹೀಗಾಗಿ ಈತನ ಮೇಲಿನ ಆರೋಪಗಳು ಇನ್ನೂ ನ್ಯಾಯಾಲಯದಲ್ಲಿ ಸಾಬೀತಾಗಿಲ್ಲ; ಬಲಿಯಾದವರ ಕುಟುಂಬಗಳ ಪಾಲಿಗೆ ನ್ಯಾಯವೂ ಪೂರ್ಣಗೊಂಡಿಲ್ಲ.

ಎಲ್ಲಿದ್ದಾನೆ?

ಈತ ಪಾಕಿಸ್ತಾನದಲ್ಲಿ ನೆಲೆಸಿದ್ದಾನೆ ಎಂಬುದು ಭಾರತದ ನಿಲುವು. 2011ರ ಜನವರಿಯಲ್ಲಿ ಕರಾಚಿಯಲ್ಲಿ ಗುಂಡಿಗೆ ಬಲಿಯಾದನೆಂಬ ಸುದ್ದಿ ಹಬ್ಬಿತ್ತಾದರೂ ದೃಢಪಡಲಿಲ್ಲ. 2020ರ ಅಕ್ಟೋಬರ್ 27ರಂದು ಕೇಂದ್ರ ಗೃಹ ಸಚಿವಾಲಯವು ಯುಎಪಿಎ ಕಾಯ್ದೆಯಡಿ ಭಯೋತ್ಪಾದಕರೆಂದು ಘೋಷಿಸಿದ 18 ಮಂದಿಯಲ್ಲಿ ರಿಯಾಜ್ ಮತ್ತು ಇಕ್ಬಾಲ್ ಇಬ್ಬರೂ ಇದ್ದಾರೆ.

ಊರಿಗೆ ಅಂಟಿದ ಹೆಸರು

ಶಾಬಂದ್ರಿ ಎಂಬುದು ಬಂದರಿನ ಅಧಿಕಾರಿಯನ್ನು ಸೂಚಿಸುವ ಹಳೆಯ ಪದದಿಂದ ಬಂದ ಮನೆತನದ ಹೆಸರು. ಯಾಸಿನ್‌ನ ನಿಜನಾಮ ಅಹ್ಮದ್ ಸಿದ್ದಿಬಾಪಾ. ಆದರೆ ಪೊಲೀಸ್ ಕಡತಗಳಲ್ಲೂ ಪತ್ರಿಕೆಗಳಲ್ಲೂ ಮನೆತನದ ಹೆಸರುಗಳು ಹಿಂದೆ ಸರಿದು ಊರಿನ ಹೆಸರೇ ಉಳಿಯಿತು. ಮಲ್ಲಿಗೆಗೆ, ಹಳೆಯ ಬಂದರಿಗೆ, ನವಾಯತರ ವ್ಯಾಪಾರಕ್ಕೆ ಹೆಸರಾದ ಭಟ್ಕಳ ಕೆಲವರ ಕೃತ್ಯದ ಹೊರೆ ಹೊರಬೇಕಾಯಿತು. ಆರೋಪಿ ಸಿಕ್ಕರೆ ವಿಚಾರಣೆ ನಡೆದೀತು. ಊರಿಗೆ ಅಂಟಿದ ಕಳಂಕ ಅಷ್ಟು ಸುಲಭದಲ್ಲಿ ಅಳಿಸಲಾರದು.