ಏಳನೇ ಆಪರೇಷನ್‌ನಲ್ಲಿ ಸಿಕ್ಕ ಗ್ರಂಥಿ: ಕತ್ತಿನೊಳಗಿನ ಒಂದು ಹುಡುಕಾಟದ ಚರಿತ್ರೆ

ಥೈರಾಯ್ಡ್ ಅಂದರೆ ಈಗ ಹಳ್ಳಿಗಳಲ್ಲೂ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಅದರ ಮಾತ್ರೆ ನುಂಗುವವರು ಬೀದಿಗೊಬ್ಬರಾದರೂ ಸಿಗುತ್ತಾರೆ. ಆದರೆ ಥೈರಾಯ್ಡ್ ಬೆನ್ನಿಗೆ ಅಂಟಿಕೊಂಡಿರುವ ನಾಲ್ಕು ಪುಟ್ಟ ಗ್ರಂಥಿಗಳ ಹೆಸರು ಕೇಳಿದವರು ಕಡಿಮೆ. ಅವೇ ಪ್ಯಾರಾಥೈರಾಯ್ಡ್ ಗ್ರಂಥಿಗಳು. ಒಂದೊಂದೂ ಅಕ್ಕಿ ಕಾಳು, ಬೇಳೆ ಕಾಳಿನಷ್ಟು ದೊಡ್ಡದು. ಹೆಸರು ಒಂದೇ ಥರ ಇದ್ದರೂ ಥೈರಾಯ್ಡ್ ಮಾಡುವ ಕೆಲಸಕ್ಕೂ ಇವು ಮಾಡುವ ಕೆಲಸಕ್ಕೂ ಸಂಬಂಧವಿಲ್ಲ.

ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿರಬೇಕು ಎಂದು ಕಾಯುವುದು ಇವುಗಳ ಕೆಲಸ. ಕ್ಯಾಲ್ಸಿಯಂ ಕಡಿಮೆಯಾದರೆ ಪಿಟಿಎಚ್ ಎಂಬ ಹಾರ್ಮೋನ್ ಬಿಟ್ಟು ಮೂಳೆಯಿಂದ ಕ್ಯಾಲ್ಸಿಯಂ ತೆಗೆಸುತ್ತವೆ. ಸಾಕಾದಾಗ ಸುಮ್ಮನಾಗುತ್ತವೆ. ತೊಂದರೆ ಶುರುವಾಗುವುದು ಇವುಗಳಲ್ಲಿ ಒಂದು ಗಡ್ಡೆಯಾಗಿ ಬೆಳೆದು, ಸುಮ್ಮನಾಗುವುದನ್ನೇ ಮರೆತಾಗ. ಮೂಳೆ ಸವೆಯುತ್ತದೆ, ಕಿಡ್ನಿಯಲ್ಲಿ ಕಲ್ಲು ಕಟ್ಟುತ್ತದೆ, ಹೊಟ್ಟೆ ಕೆಡುತ್ತದೆ, ಮನಸ್ಸು ಮಂಕಾಗುತ್ತದೆ. ಗಡ್ಡೆಯಾದ ಗ್ರಂಥಿ ತೆಗೆದರೆ ರೋಗ ವಾಸಿ. ಆದರೆ ಕೆಟ್ಟಿರುವುದು ಯಾವುದು, ಅದು ಕೂತಿರುವುದು ಎಲ್ಲಿ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ವೈದ್ಯಲೋಕ ನೂರು ವರ್ಷ ಕಳೆದಿದೆ. ಆ ಕಥೆಯನ್ನು ನಾವು ಇಲ್ಲಿ ಹೇಳುತ್ತಿದ್ದೇವೆ.

ಘೇಂಡಾಮೃಗದಿಂದ ಶುರು

ಈ ಗ್ರಂಥಿಯನ್ನು ಮೊದಲು ಗುರುತಿಸಿದ್ದು ಮನುಷ್ಯನಲ್ಲಿ ಅಲ್ಲ, ನಮ್ಮ ದೇಶದ ಒಂಟಿಕೊಂಬಿನ ಘೇಂಡಾಮೃಗದಲ್ಲಿ. ಲಂಡನ್ ಪ್ರಾಣಿಸಂಗ್ರಹಾಲಯದಲ್ಲಿ ಸಾಕಿದ್ದ ಭಾರತದ ಘೇಂಡಾಮೃಗವೊಂದು 1849ರಲ್ಲಿ ಸತ್ತಿತು. ಅದನ್ನು ಕೊಯ್ದು ನೋಡಿದ ರಿಚರ್ಡ್ ಓವೆನ್ ಎಂಬ ಅಂಗರಚನಾ ತಜ್ಞರು ಥೈರಾಯ್ಡ್ ಪಕ್ಕದಲ್ಲಿ ಹಳದಿ ಬಣ್ಣದ ಚಿಕ್ಕ ಗ್ರಂಥಿ ಇದೆ ಎಂದು ಬರೆದಿಟ್ಟರು.

ಮನುಷ್ಯರಲ್ಲಿ ಇದನ್ನು ಸರಿಯಾಗಿ ವಿವರಿಸಿದ್ದು ಸ್ವೀಡನ್ನಿನ ಉಪ್ಸಾಲಾದ ವೈದ್ಯ ವಿದ್ಯಾರ್ಥಿ ಇವಾರ್ ಸ್ಯಾಂಡ್‌ಸ್ಟ್ರೋಮ್. 1877ರಲ್ಲಿ ನಾಯಿಯೊಂದರಲ್ಲಿ ಕಂಡ ಗ್ರಂಥಿಯನ್ನು ಅವರು ಬಳಿಕ 50 ಮನುಷ್ಯ ಶವಗಳಲ್ಲಿ ಹುಡುಕಿದರು. 1880ರಲ್ಲಿ ಪ್ರಬಂಧ ಪ್ರಕಟಿಸಿ ಪ್ಯಾರಾಥೈರಾಯ್ಡ್ ಎಂಬ ಹೆಸರನ್ನೂ ಕೊಟ್ಟರು. ಪ್ರಬಂಧ ಸ್ವೀಡಿಷ್ ಭಾಷೆಯಲ್ಲಿತ್ತು, ಹೊರಗಿನವರು ಹೆಚ್ಚು ಗಮನಿಸಲಿಲ್ಲ. ತಮ್ಮ ಕೆಲಸಕ್ಕೆ ಬೆಲೆ ಬರುವುದನ್ನು ನೋಡದೆಯೇ ಅವರು 1889ರಲ್ಲಿ, 37ನೇ ವಯಸ್ಸಿನಲ್ಲಿ ತೀರಿಕೊಂಡರು.

ವಿಯೆನ್ನಾದ ಟ್ರಾಮ್ ಕಂಡಕ್ಟರ್

ಆಗಿನ ಕಾಲದಲ್ಲಿ ಮೂಳೆ ಮೆತ್ತಗಾಗಿ ಮುರಿಯುವ ರೋಗಿಗಳ ಶವ ಪರೀಕ್ಷೆಯಲ್ಲಿ ಈ ಗ್ರಂಥಿ ದಪ್ಪಗಾಗಿರುವುದು ಕಾಣುತ್ತಿತ್ತು. ಮೂಳೆ ಕೆಟ್ಟಿದ್ದಕ್ಕೇ ಗ್ರಂಥಿ ಕಷ್ಟಪಟ್ಟು ದಪ್ಪಗಾಗಿದೆ ಎಂದು ಹೆಚ್ಚಿನ ವೈದ್ಯರು ನಂಬಿದ್ದರು. ಅಂದರೆ ಕಳ್ಳನನ್ನೇ ಕಾವಲುಗಾರ ಅಂದುಕೊಂಡಿದ್ದರು. 1915ರಲ್ಲಿ ಶ್ಲಾಗನ್‌ಹೌಫರ್ ಎಂಬ ವೈದ್ಯರು, ಒಂದೇ ಗ್ರಂಥಿ ದಪ್ಪಗಾಗಿದ್ದರೆ ಅದನ್ನು ತೆಗೆದು ನೋಡಬೇಕು ಎಂದರು. ಹತ್ತು ವರ್ಷ ಯಾರೂ ತೆಗೆಯಲಿಲ್ಲ.

ವಿಯೆನ್ನಾದಲ್ಲಿ ಒಬ್ಬ ಟ್ರಾಮ್ ಕಂಡಕ್ಟರ್ ಮೂಳೆ ನೋವಿನಿಂದ ಹಾಸಿಗೆ ಹಿಡಿದಿದ್ದ. ಶಸ್ತ್ರಚಿಕಿತ್ಸಕ ಫೆಲಿಕ್ಸ್ ಮಾಂಡ್ಲ್ ಮೊದಲು ಹಳೆಯ ನಂಬಿಕೆಯಂತೆ ಅವನಿಗೆ ಪ್ಯಾರಾಥೈರಾಯ್ಡ್ ಸತ್ವ ಕೊಟ್ಟರು. ಬೇರೊಬ್ಬರ ಗ್ರಂಥಿಯನ್ನೂ ಕಸಿ ಮಾಡಿದರು. ಗುಣ ಕಾಣಲಿಲ್ಲ. ಕೊನೆಗೆ 1925ರ ಜುಲೈನಲ್ಲಿ ಕತ್ತು ತೆರೆದು, ಅಲ್ಲಿದ್ದ ಗಡ್ಡೆ ತೆಗೆದರು. ಹಾಸಿಗೆ ಹಿಡಿದಿದ್ದವನು ಎದ್ದು ಓಡಾಡುವಂತಾದ. ಕೆಲವು ವರ್ಷಗಳ ಮೇಲೆ ರೋಗ ಮರುಕಳಿಸಿ ಅವನು ಉಳಿಯಲಿಲ್ಲ, ಆದರೆ ಕಳ್ಳ ಯಾರು ಎನ್ನುವುದು ಅಂದು ತೀರ್ಮಾನವಾಯಿತು.

ಕ್ಯಾಪ್ಟನ್ ಮಾರ್ಟೆಲ್ ಅನುಭವಿಸಿದ್ದು

ಅದೇ ಹೊತ್ತಿಗೆ ಅಮೆರಿಕದಲ್ಲಿ ಹಡಗಿನ ಕ್ಯಾಪ್ಟನ್ ಚಾರ್ಲ್ಸ್ ಮಾರ್ಟೆಲ್ ಇದೇ ರೋಗದಿಂದ ನರಳುತ್ತಿದ್ದರು. ಆರಡಿ ದಾಟಿದ ಆಳು, ಬೆನ್ನುಮೂಳೆ ಕುಸಿದು ಸುಮಾರು 7 ಇಂಚು ಕುಳ್ಳಾದರು. ಮತ್ತೆ ಮತ್ತೆ ಮೂಳೆ ಮುರಿಯಿತು, ಕಿಡ್ನಿ ಕಲ್ಲು ಕಾಡಿತು. ರೋಗ ಯಾವುದು ಎಂದು 1926ರಲ್ಲೇ ವೈದ್ಯರಿಗೆ ಗೊತ್ತಾಗಿತ್ತು. ಗ್ರಂಥಿ ಎಲ್ಲಿದೆ ಎಂದು ಮಾತ್ರ ಗೊತ್ತಾಗಲಿಲ್ಲ.

ಪಾಯಿಂಟ್ ನೋಡದೆ ಹೊಲದ ತುಂಬಾ ಬೋರ್ ಕೊರೆಸಿದರೆ ಏನಾಗುತ್ತದೆ ಎಂದು ನಮ್ಮ ಓದುಗರಿಗೆ ನಾವು ಹೇಳಬೇಕಾಗಿಲ್ಲ. ಮಾರ್ಟೆಲ್ ಅವರಿಗೆ ಆದದ್ದೂ ಅದೇ. ಒಂದಲ್ಲ, ಎರಡಲ್ಲ, ಆರು ಆಪರೇಷನ್ ಆದವು. ಗಡ್ಡೆ ಸಿಗಲಿಲ್ಲ, ಚೆನ್ನಾಗಿದ್ದ ಗ್ರಂಥಿಗಳೇ ಕಳೆದುಹೋದವು. ಕ್ಯಾಪ್ಟನ್ ಸುಮ್ಮನೆ ಕೂರಲಿಲ್ಲ. ವೈದ್ಯ ಗ್ರಂಥಾಲಯಕ್ಕೆ ಹೋಗಿ ಅಂಗರಚನೆಯ ಪುಸ್ತಕ ಓದಿ, ಎದೆಯೊಳಗೆ ಹುಡುಕಿ ಎಂದು ವೈದ್ಯರಿಗೆ ಹೇಳಿದರು. 1932ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಎಡ್ವರ್ಡ್ ಚರ್ಚಿಲ್ ಮತ್ತು ಆಲಿವರ್ ಕೋಪ್ ಏಳನೇ ಬಾರಿ ಆಪರೇಷನ್ ಮಾಡಿ, ಎದೆಗೂಡಿನೊಳಗೆ ಅಡಗಿದ್ದ ಗಡ್ಡೆಯನ್ನು ಹಿಡಿದರು. ಅಷ್ಟರಲ್ಲಿ ಕಿಡ್ನಿ ತುಂಬಾ ಕೆಟ್ಟಿತ್ತು. ಕಲ್ಲಿನ ತೊಂದರೆಗೆ ಇನ್ನೊಂದು ಆಪರೇಷನ್ ಆಗಿ, ಕೆಲವೇ ವಾರಗಳಲ್ಲಿ ಕ್ಯಾಪ್ಟನ್ ತೀರಿಕೊಂಡರು.

ಕತ್ತಿನ ಗ್ರಂಥಿ ಎದೆಗೆ ಹೋಗಿದ್ದು ಹೇಗೆ? ತಾಯಿಯ ಹೊಟ್ಟೆಯಲ್ಲಿ ಮಗು ಬೆಳೆಯುವಾಗ ಕೆಳಗಿನ ಎರಡು ಪ್ಯಾರಾಥೈರಾಯ್ಡ್‌ಗಳು ಥೈಮಸ್ ಎಂಬ ಅಂಗದ ಜೊತೆಯಲ್ಲೇ ಹುಟ್ಟಿ, ಅದರ ಜೊತೆಗೇ ಕೆಳಗೆ ಇಳಿಯುತ್ತವೆ. ಸಾಮಾನ್ಯವಾಗಿ ಥೈರಾಯ್ಡ್ ಹತ್ತಿರ ನಿಲ್ಲುತ್ತವೆ. ಕೆಲವರಲ್ಲಿ ದವಡೆಯ ಕೆಳಗೇ ಉಳಿಯಬಹುದು, ಕೆಲವರಲ್ಲಿ ಎದೆಯವರೆಗೂ ಹೋಗಬಹುದು.

ಕೊಯ್ಯದೆ ನೋಡುವ ದಾರಿ

ಸಾಮಾನ್ಯ ಎಕ್ಸ್‌ರೇಯಲ್ಲಿ ಇಷ್ಟು ಚಿಕ್ಕ ಗ್ರಂಥಿ ಕಾಣುವುದಿಲ್ಲ. ರಕ್ತನಾಳಕ್ಕೆ ಬಣ್ಣ ಬಿಟ್ಟು ಚಿತ್ರ ತೆಗೆಯುವುದು, ಕತ್ತಿನ ಬೇರೆ ಬೇರೆ ನಾಳಗಳಿಂದ ರಕ್ತ ತೆಗೆದು ಹಾರ್ಮೋನ್ ಎಲ್ಲಿ ಜಾಸ್ತಿ ಇದೆ ಎಂದು ನೋಡುವುದು, ಹೀಗೆ ಹಲವು ಪ್ರಯತ್ನ ನಡೆದವು. ಆಮೇಲೆ ಅಲ್ಟ್ರಾಸೌಂಡ್ ಬಂತು. ಅದರಲ್ಲಿ ವಿಕಿರಣವಿಲ್ಲ, ಖರ್ಚೂ ಕಡಿಮೆ. ಆದರೆ ಎದೆಮೂಳೆಯ ಹಿಂದೆ ಅಡಗಿದ್ದನ್ನು ಅದು ಕಾಣಲಾರದು.

1980ರ ದಶಕದಲ್ಲಿ ಒಂದು ಜಾಣ ಉಪಾಯ ಬಂತು. ಥ್ಯಾಲಿಯಂ ಎಂಬ ವಿಕಿರಣ ವಸ್ತುವನ್ನು ಥೈರಾಯ್ಡ್, ಪ್ಯಾರಾಥೈರಾಯ್ಡ್ ಎರಡೂ ಹೀರುತ್ತವೆ. ಟೆಕ್ನೀಷಿಯಂ ಲವಣವನ್ನು ಥೈರಾಯ್ಡ್ ಮಾತ್ರ ಹೀರುತ್ತದೆ. ಮೊದಲ ಚಿತ್ರದಿಂದ ಎರಡನೆಯದನ್ನು ಕಂಪ್ಯೂಟರಿನಲ್ಲಿ ಕಳೆದರೆ ಉಳಿಯುವುದೇ ಪ್ಯಾರಾಥೈರಾಯ್ಡ್. ಶಾಲೆಯಲ್ಲಿ ಕಲಿತ ಕಳೆಯುವ ಲೆಕ್ಕವೇ ಇದು.

ದೊಡ್ಡ ತಿರುವು ಬಂದದ್ದು 1989ರಲ್ಲಿ, ಅದೂ ಆಕಸ್ಮಿಕವಾಗಿ. ಸೆಸ್ಟಾಮಿಬಿ ಎಂಬ ಔಷಧಿಯನ್ನು ತಯಾರಿಸಿದ್ದು ಹೃದಯದ ಸ್ಕ್ಯಾನಿಗೆ. ಅದು ಕೆಟ್ಟ ಪ್ಯಾರಾಥೈರಾಯ್ಡಿನಲ್ಲೂ ನಿಲ್ಲುತ್ತದೆ ಎಂದು ಇಂಗ್ಲೆಂಡಿನ ಕೋಕ್ಲಿ ಮತ್ತು ಸಂಗಡಿಗರು ಗಮನಿಸಿದರು. 1992ರಲ್ಲಿ ಕೆನಡಾದ ಟೈಫೇರ್ ಮತ್ತು ಸಂಗಡಿಗರು ಒಂದೇ ಔಷಧಿಯಿಂದ ಎರಡು ಬಾರಿ ಚಿತ್ರ ತೆಗೆಯುವ ಸರಳ ವಿಧಾನ ತೋರಿಸಿದರು. ಸೂಜಿ ಕೊಟ್ಟ ಹತ್ತು ಹದಿನೈದು ನಿಮಿಷಕ್ಕೆ ಒಂದು ಚಿತ್ರ, ಸುಮಾರು ಎರಡು ಗಂಟೆಯ ಮೇಲೆ ಇನ್ನೊಂದು. ಅಷ್ಟರಲ್ಲಿ ಥೈರಾಯ್ಡಿನಿಂದ ಔಷಧಿ ಇಳಿದು ಹೋಗಿರುತ್ತದೆ. ಗಡ್ಡೆಯ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯಾ ಜಾಸ್ತಿ ಇರುವುದರಿಂದ ಔಷಧಿ ಅಲ್ಲೇ ಉಳಿಯುತ್ತದೆ. ಎರಡನೇ ಚಿತ್ರದಲ್ಲಿ ಉಳಿದ ಚುಕ್ಕೆಯೇ ಪಾಯಿಂಟ್.

ಈ ಔಷಧಿಗೆ ಸೇರಿಸುವ ಟೆಕ್ನೀಷಿಯಂ ಬಗ್ಗೆಯೂ ಒಂದು ಮಾತು. ಇದು ಮನುಷ್ಯ ಕೃತಕವಾಗಿ ತಯಾರಿಸಿದ ಮೊದಲ ಮೂಲಧಾತು. 1937ರಲ್ಲಿ ಇಟಲಿಯ ಪಲೆರ್ಮೊದಲ್ಲಿ ಪೆರಿಯೆ ಮತ್ತು ಸೆಗ್ರೆ ಇದನ್ನು ಗುರುತಿಸಿದರು. ಸ್ಕ್ಯಾನಿಗೆ ಬಳಸುವ ಬಗೆಯ ಟೆಕ್ನೀಷಿಯಂ 6 ಗಂಟೆಗೆ ಅರ್ಧ ಕರಗುತ್ತದೆ, ತಿಂಗಳುಗಟ್ಟಲೆ ಇಟ್ಟುಕೊಳ್ಳಲಾಗದು. ಅದಕ್ಕೇ ಅದರ ಮೂಲವಾದ ಮಾಲಿಬ್ಡಿನಂ ತುಂಬಿದ ಜನರೇಟರ್ ಅನ್ನು ಆಸ್ಪತ್ರೆಗೆ ತರಿಸಿ, ಬೇಕಾದಾಗ ಅದರಿಂದ ಟೆಕ್ನೀಷಿಯಂ ಇಳಿಸಿಕೊಳ್ಳುತ್ತಾರೆ. ಆ ಕೆಲಸದವರು ಜನರೇಟರನ್ನು ಹಸು ಎಂದೂ, ಇಳಿಸುವುದನ್ನು ಹಾಲು ಕರೆಯುವುದು ಎಂದೂ ಕರೆಯುತ್ತಾರೆ.

ಬಳಿಕ 2006ರಲ್ಲಿ 4ಡಿ ಸಿಟಿ ಬಂತು. ಬಣ್ಣದ ಔಷಧಿ ಎಷ್ಟು ಬೇಗ ಗಡ್ಡೆಗೆ ಹೋಗುತ್ತದೆ, ಎಷ್ಟು ಬೇಗ ಹೊರಬರುತ್ತದೆ ಎಂದು ಅದು ನೋಡುತ್ತದೆ. ಈಚೆಗೆ ಕೋಲಿನ್ ಪೆಟ್ ಸ್ಕ್ಯಾನ್ ಬಂದಿದೆ. ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳ ಸ್ಕ್ಯಾನಿನಲ್ಲಿ ಪ್ಯಾರಾಥೈರಾಯ್ಡ್ ಗಡ್ಡೆಯೂ ಹೊಳೆದದ್ದರಿಂದ ಅದರ ಈ ಉಪಯೋಗವೂ ಆಕಸ್ಮಿಕವಾಗಿಯೇ ತಿಳಿದು ಬಂತು.

ಸ್ಕ್ಯಾನಿನಿಂದ ಆದ ಲಾಭ ದೊಡ್ಡದು. ಮೊದಲು ಕತ್ತಿನ ಎರಡೂ ಬದಿ ತೆರೆದು ನಾಲ್ಕೂ ಗ್ರಂಥಿ ನೋಡುತ್ತಿದ್ದರು. ಈಗ ಜಾಗ ಖಚಿತವಿದ್ದರೆ ಒಂದೇ ಬದಿಯಲ್ಲಿ ಚಿಕ್ಕ ಗಾಯ ಸಾಕು. ಗಡ್ಡೆ ತೆಗೆದ 10 ನಿಮಿಷಕ್ಕೆ ರಕ್ತ ಪರೀಕ್ಷಿಸಿ, ಪಿಟಿಎಚ್ ಅರ್ಧಕ್ಕಿಂತ ಕೆಳಗೆ ಇಳಿದಿದೆಯೇ ಎಂದು ಆಪರೇಷನ್ ಟೇಬಲ್ ಮೇಲೇ ಖಾತ್ರಿ ಮಾಡಿಕೊಳ್ಳಬಹುದು.

ಸ್ಕ್ಯಾನ್ ಹೇಳದ ಮಾತು

ನಾವು ಈ ಚರಿತ್ರೆ ಬರೆಯಲು ಮುಖ್ಯ ಕಾರಣ ಇಲ್ಲಿದೆ. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ ಅಂದರೆ ರೋಗವೇ ಇಲ್ಲ ಎಂದು ಅನೇಕರು ತಿಳಿಯುತ್ತಾರೆ. ಅದು ತಪ್ಪು. ರೋಗ ಇದೆಯೋ ಇಲ್ಲವೋ ಎಂದು ಹೇಳುವುದು ರಕ್ತ ಪರೀಕ್ಷೆ: ಕ್ಯಾಲ್ಸಿಯಂ ಮತ್ತು ಪಿಟಿಎಚ್ ಎರಡನ್ನೂ ಒಟ್ಟಿಗೆ ನೋಡಬೇಕು. ಪಿಟಿಎಚ್ ಅಳೆಯುವ ವಿಧಾನವನ್ನು 1963ರಲ್ಲಿ ಬರ್ಸನ್ ಮತ್ತು ರೋಸಲಿನ್ ಯಾಲೋ ತೋರಿಸಿಕೊಟ್ಟ ಮೇಲೆ ಇದು ಸಾಧ್ಯವಾಯಿತು. ಸ್ಕ್ಯಾನ್ ಹೇಳುವುದು ಜಾಗವನ್ನು ಮಾತ್ರ. ಗಡ್ಡೆ ಚಿಕ್ಕದಿದ್ದರೆ, ಒಂದಕ್ಕಿಂತ ಹೆಚ್ಚು ಗ್ರಂಥಿ ಕೆಟ್ಟಿದ್ದರೆ, ಥೈರಾಯ್ಡಿನಲ್ಲೂ ಗಂಟಿದ್ದರೆ ಅದು ದಾರಿ ತಪ್ಪಬಹುದು. ಅಮೆರಿಕದ ರೇಡಿಯಾಲಜಿ ತಜ್ಞ ಜಾನ್ ಡಾಪ್‌ಮನ್ ಸ್ವತಃ ಸ್ಕ್ಯಾನ್ ನೋಡುವವರಾಗಿದ್ದೂ, ಮೊದಲ ಬಾರಿ ಆಪರೇಷನ್ ಆಗುವ ರೋಗಿ ಪತ್ತೆ ಮಾಡಬೇಕಾದದ್ದು ಅನುಭವಿ ಶಸ್ತ್ರಚಿಕಿತ್ಸಕರನ್ನು ಎಂಬ ಅರ್ಥದ ಮಾತು ಹೇಳಿದ್ದರು. ಇವತ್ತಿಗೂ ಆ ಮಾತನ್ನು ವೈದ್ಯರು ನೆನೆಯುತ್ತಾರೆ.

ಶ್ರೀಮಂತ ದೇಶಗಳಲ್ಲಿ ಈ ರೋಗ ಹೆಚ್ಚಾಗಿ ಮಾಮೂಲಿ ರಕ್ತ ಪರೀಕ್ಷೆಯಲ್ಲಿ, ಲಕ್ಷಣ ಕಾಣುವ ಮೊದಲೇ ಸಿಗುತ್ತದೆ. ನಮ್ಮ ದೇಶದಲ್ಲಿ ಮೂಳೆ ಮುರಿದ ಮೇಲೆ, ಕಲ್ಲು ಕಟ್ಟಿದ ಮೇಲೆ ಆಸ್ಪತ್ರೆ ಸೇರುವವರು ಇನ್ನೂ ಬಹಳ. ಕಿಡ್ನಿ ಕಲ್ಲು ತೆಗೆಸಿದರೂ ಮತ್ತೆ ಮತ್ತೆ ಬರುತ್ತಿದ್ದರೆ, ದೊಡ್ಡ ಪೆಟ್ಟಿಲ್ಲದೆ ಮೂಳೆ ಮುರಿದರೆ, ರಕ್ತದ ಕ್ಯಾಲ್ಸಿಯಂ ನೋಡೋಣವೇ ಎಂದು ವೈದ್ಯರನ್ನು ಕೇಳಿ. ಹೆಚ್ಚಿದ್ದರೆ ಪಿಟಿಎಚ್ ಮಾಡಿಸಿ. ಆಪರೇಷನ್ ಬೇಕು ಎಂದು ತೀರ್ಮಾನವಾದ ಮೇಲೆ ಸ್ಕ್ಯಾನ್. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಸ್ಕ್ಯಾನಿಗೆ ಮೊದಲೇ ಆ ವಿಷಯ ಹೇಳಬೇಕು.

ಹಳೆಯ ರಿಪೋರ್ಟುಗಳನ್ನು ಎಸೆಯಬೇಡಿ, ಒಂದು ಕವರಿನಲ್ಲಿ ಹಾಕಿಟ್ಟು ಪ್ರತಿ ಸಲ ಜೊತೆಗೆ ಒಯ್ಯಿರಿ. ಎರಡು ವರ್ಷದ ಹಿಂದಿನ ಕ್ಯಾಲ್ಸಿಯಂ ಸಂಖ್ಯೆಯೂ ವೈದ್ಯರಿಗೆ ಬೇಕಾಗಬಹುದು.