ಸೆಕೆಂಡ್ ಬ್ಯಾಂಕ್ ಆಫ್ ದಿ ಯುನೈಟೆಡ್ ಸ್ಟೇಟ್ಸ್ ಕಟ್ಟಡ

ಅಮೆರಿಕ ಸಂಯುಕ್ತ ಸಂಸ್ಥಾನದ ಫಿಲಡೆಲ್ಫಿಯ ನಗರದ ಚೆಸ್ಟ್‌ನಟ್ ಬೀದಿಯಲ್ಲಿರುವ ಐತಿಹಾಸಿಕ ಬ್ಯಾಂಕ್ ಕಟ್ಟಡ. 1812ರ ಯುದ್ಧದ ನಂತರ ಹದಗೆಟ್ಟಿದ್ದ ಹಣಕಾಸು ವ್ಯವಸ್ಥೆಯನ್ನು ಸರಿಪಡಿಸಲು ಅಮೆರಿಕದ ಕಾಂಗ್ರೆಸ್ 1816ರಲ್ಲಿ 20 ವರ್ಷಗಳ ಸನ್ನದು ನೀಡಿ ಈ ಬ್ಯಾಂಕನ್ನು ಸ್ಥಾಪಿಸಿತು. ಅದರ 3.5 ಕೋಟಿ ಡಾಲರ್ ಬಂಡವಾಳದಲ್ಲಿ ಐದನೇ ಒಂದು ಪಾಲು ಕೇಂದ್ರ ಸರ್ಕಾರದ್ದಾಗಿತ್ತು.

ವಾಸ್ತುಶಿಲ್ಪ: ವಿಲಿಯಂ ಸ್ಟ್ರಿಕ್‌ಲ್ಯಾಂಡ್ ರೂಪಿಸಿದ ಈ ಕಟ್ಟಡದ ನಿರ್ಮಾಣ 1819ರಿಂದ 1824ರವರೆಗೆ ನಡೆಯಿತು. ಅಥೆನ್ಸಿನ ಪಾರ್ಥೆನಾನ್ ದೇಗುಲ ಇದಕ್ಕೆ ಮಾದರಿ. ಉತ್ತರ ಮತ್ತು ದಕ್ಷಿಣ ಮುಖಗಳಲ್ಲಿ ತಲಾ ಎಂಟು ಡೋರಿಕ್ ಶೈಲಿಯ ಅಮೃತಶಿಲೆ ಕಂಬಗಳಿದ್ದು, ಅವುಗಳ ಮೇಲೆ ಶಿಲ್ಪಗಳಿಲ್ಲದ ಸರಳ ತ್ರಿಕೋನ ಗೋಪುರಮುಖವಿದೆ. ಪಾರ್ಥೆನಾನಿನಲ್ಲಿ ಕಂಬಗಳು ನಾಲ್ಕೂ ಕಡೆ ಇವೆ. ಇಲ್ಲಿ ಪಕ್ಕದ ಗೋಡೆಗಳಲ್ಲಿ ಕಂಬಗಳ ಬದಲು ಕಿಟಕಿಗಳಿವೆ. ಏಕೆಂದರೆ ಲೆಕ್ಕಪತ್ರ ಬರೆಯುವವರಿಗೆ ಬೆಳಕು ಬೇಕಿತ್ತು. ಒಳಗಿನ ವ್ಯವಹಾರ ಸಭಾಂಗಣಕ್ಕೆ ಕಮಾನು ಛಾವಣಿ, ಅಯೋನಿಕ್ ಕಂಬಸಾಲುಗಳಿವೆ.

ಇತಿಹಾಸ: 1823ರಲ್ಲಿ ಬ್ಯಾಂಕಿನ ಅಧ್ಯಕ್ಷರಾದ ನಿಕೊಲಸ್ ಬಿಡ್ಲ್ ಅದನ್ನು ಬಲಪಡಿಸಿದರು. ಅದು ಸಿರಿವಂತರ ಕೈಗೊಂಬೆಯೆಂದು ವಿರೋಧಿಸುತ್ತಿದ್ದ ರಾಷ್ಟ್ರಾಧ್ಯಕ್ಷ ಆಂಡ್ರೂ ಜಾಕ್ಸನ್, ಸನ್ನದು ನವೀಕರಣದ ಮಸೂದೆಯನ್ನು 1832ರಲ್ಲಿ ತಿರಸ್ಕರಿಸಿದರು. ಮರುವರ್ಷ ಸರ್ಕಾರದ ಠೇವಣಿಗಳೂ ಬೇರೆ ಬ್ಯಾಂಕುಗಳ ಪಾಲಾದವು. 1836ರಲ್ಲಿ ಸನ್ನದಿನ ಅವಧಿ ಮುಗಿಯಿತು. ಪೆನ್ಸಿಲ್ವೇನಿಯ ರಾಜ್ಯದ ಸನ್ನದು ಪಡೆದು ಮುಂದುವರಿದ ಬ್ಯಾಂಕು 1841ರಲ್ಲಿ ದಿವಾಳಿಯಾಯಿತು.

ಸಂರಕ್ಷಣೆ: ಕಟ್ಟಡವು 1845ರಿಂದ 1935ರವರೆಗೆ ಸುಂಕದ ಕಚೇರಿಯಾಗಿತ್ತು. ಹೀಗೆ ನಿರಂತರ ಬಳಕೆಯಲ್ಲಿದ್ದದ್ದೇ ಅದನ್ನು ಉಳಿಸಿತು. ಈಗ ಇದು ಇಂಡಿಪೆಂಡೆನ್ಸ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನದ ಭಾಗ. ಚಾರ್ಲ್ಸ್ ವಿಲ್ಸನ್ ಪೀಲ್ ರಚಿಸಿದ, ಅಮೆರಿಕದ ಸ್ಥಾಪಕ ನಾಯಕರ ಭಾವಚಿತ್ರಗಳು ಇಲ್ಲಿನ ಚಿತ್ರಶಾಲೆಯಲ್ಲಿವೆ. 1987ರಲ್ಲಿ ಇದನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿಸಲಾಯಿತು.